‘ಥ್ಯಾಂಕ್ಸ್’ ಬಂದ ದಾರಿ: ಹೊಸಪೇಟೆ ಸೀಮೆಯ ಇಂಗ್ಲಿಷ್ ಪದಪಾಠ

ತುಂಗಭದ್ರೆಯ ದಡದ ಹೊಸಪೇಟೆ, ಹಂಪಿ, ಕಂಪ್ಲಿ ಮತ್ತು ಬೆಟ್ಟಗಳ ನಡುವಿನ ಸಂಡೂರಿನಲ್ಲಿ ಉಪಕಾರ ನೆನೆಯಲು ಹಿಂದೆ ಒಂದೇ ಒಂದು ಪದದ ಅಗತ್ಯವಿರಲಿಲ್ಲ. ‘ನಿಮ್ಮ ಹೊಟ್ಟೆ ತಣ್ಣಗಿರಲಿ’ ಎಂಬ ಹರಕೆ, ‘ನಿಮ್ಮ ಋಣ ತೀರಿಸೋಕಾಗಲ್ಲ’ ಎಂಬ ಒಪ್ಪಿಗೆ, ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎಂಬ ಗಾದೆ, ಇವೇ ಆ ಕೆಲಸ ಮಾಡುತ್ತಿದ್ದವು. ದೊಡ್ಡವರ ಕೃತಜ್ಞತೆ ಕಲ್ಲಿನಲ್ಲಿ ಮೂಡುತ್ತಿತ್ತು. ಪಟ್ಟಾಭಿಷೇಕದ ಸಂದರ್ಭದಲ್ಲಿ ಕೃಷ್ಣದೇವರಾಯ ಹಂಪಿಯ ವಿರೂಪಾಕ್ಷನಿಗೆ ರಂಗಮಂಟಪ, ಗೋಪುರ ಮತ್ತು ಗ್ರಾಮವನ್ನು ಒಪ್ಪಿಸಿದ್ದನ್ನು 1510ರ ಶಾಸನ ಸಂಸ್ಕೃತ ಮತ್ತು ಕನ್ನಡ ಎರಡರಲ್ಲೂ ಹೇಳುತ್ತದೆ. ಉಪಕಾರಕ್ಕೆ ಪ್ರತಿಯಾಗಿ ನಡೆಯುತ್ತಿದ್ದುದು ದಾನ, ಹರಕೆ, ಸೇವೆ. ಮಾತು ಅದರ ನೆರಳಷ್ಟೇ.

1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಇಂಗ್ಲಿಷ್ ಇಲ್ಲಿಗೆ ಆಡಳಿತದ ಭಾಷೆಯಾಗಿ ಬಂತು. ಆದರೆ ಶಾಲೆಯೊಳಗೆ ಕಾಲಿಡಲು ಅದಕ್ಕೆ ಸಮಯ ಹಿಡಿಯಿತು. ಥಾಮಸ್ ಮನ್ರೊ ಮದರಾಸಿನ ಗವರ್ನರ್ ಆಗಿದ್ದಾಗ ದೇಶಿ ಶಾಲೆಗಳ ಲೆಕ್ಕ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಕಳಿಸಿದ ವರದಿಯ ಪ್ರಕಾರ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು: ಕನ್ನಡದವು 235, ತೆಲುಗಿನವು 226, ಮರಾಠಿ 23, ಸಂಸ್ಕೃತ 23, ಪಾರಸಿ 21, ತಮಿಳು 4. ಇಂಗ್ಲಿಷಿನದು ಒಂದೇ ಒಂದು. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತೀಡುತ್ತಿದ್ದರು. ಮುಂದಿನ ಪಾಠದವರು ಹಿಂದಿನವರಿಗೆ ಹೇಳಿಕೊಡುತ್ತಲೇ ತಮ್ಮ ಕಲಿಕೆಯನ್ನು ಗಟ್ಟಿ ಮಾಡಿಕೊಳ್ಳುತ್ತಿದ್ದರು. ಈ ಪದ್ಧತಿಯನ್ನು ಕ್ಯಾಂಪ್‌ಬೆಲ್ ಮೆಚ್ಚಿ, ಇಂಗ್ಲೆಂಡ್ ಇದನ್ನು ಅನುಕರಿಸಿದ್ದು ಸರಿಯೇ ಎಂದ.

ಇಂಗ್ಲಿಷ್ ಪದಗಳಿಗೆ ಕನ್ನಡ ಅರ್ಥ ಹೊಂದಿಸುವ ಕೆಲಸವೂ ಇದೇ ಕಾಲದಲ್ಲಿ ಶುರುವಾಯಿತು. ಲಂಡನ್ ಮಿಷನ್ನಿನ ಪಾದ್ರಿಯಾಗಿ ಬಳ್ಳಾರಿಗೆ ಬಂದಿದ್ದ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ ಹೊರತಂದ. ನಿಘಂಟು ಒಂದು ಪದದ ಎದುರು ಇನ್ನೊಂದನ್ನು ಇಡಬಲ್ಲದು. ಆ ಪದವನ್ನು ಯಾರು ಯಾರಿಗೆ ಯಾವಾಗ ಆಡಬೇಕೆಂದು ಅದು ಕಲಿಸುವುದಿಲ್ಲ. ಅದನ್ನು ಕಲಿಸಿದ್ದು ಅರ್ಜಿ. ಕಚೇರಿಗೆ ಸಲ್ಲುವ ಇಂಗ್ಲಿಷ್ ಅರ್ಜಿಗೆ ಗೊತ್ತಾದ ಒಕ್ಕಣೆಯಿತ್ತು, ಅದರ ಕೊನೆಯಲ್ಲಿ ವಿಧೇಯತೆ ಮತ್ತು ಕೃತಜ್ಞತೆಯ ಸಾಲು ಇರಲೇಬೇಕಿತ್ತು. ಅದೇ ಒಕ್ಕಣೆ ಶಾಲೆಯ ರಜಾ ಅರ್ಜಿಯಲ್ಲಿ ‘ಥ್ಯಾಂಕಿಂಗ್ ಯು’, ‘ಯುವರ್ಸ್ ಒಬೀಡಿಯೆಂಟ್ಲಿ’ ಎಂದು ಉಳಿದುಕೊಂಡಿದೆ. ಇದರ ಕನ್ನಡ ಜೋಡಿ ಸಭೆಯ ವಂದನಾರ್ಪಣೆ. ಸ್ವಾಗತದಿಂದ ತೊಡಗಿದ ಶಾಲಾ ಸಮಾರಂಭ ಅದಿಲ್ಲದೆ ಮುಗಿಯದು.

1953ರಲ್ಲಿ ಬಳ್ಳಾರಿ ಸೀಮೆ ಮದರಾಸು ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಬಹುಕಾಲ ಐದನೇ ತರಗತಿಯಿಂದ ಶುರುವಾಗುತ್ತಿದ್ದ ಇಂಗ್ಲಿಷ್, 2007–08ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಗೇ ಬಂತು. ಅಕ್ಷರಕ್ಕೂ ಮೊದಲು ಬಾಯಿಗೆ ಬಂದ ಪದಗಳ ಪೈಕಿ ‘ಥ್ಯಾಂಕ್ಯೂ’ ಒಂದು.

ಮಕ್ಕಳು ಎಡವುವ ಇಂಗ್ಲಿಷ್ ಪದಗಳಲ್ಲಿ ಹಲವು ಈ ಉಪಕಾರದ ಮಾತಿನ ಸುತ್ತಲೇ ಇವೆ. ಕಾರಣ ಕನ್ನಡದ ರಚನೆಯಲ್ಲೇ ಇದೆ. ‘ಗುರುಗಳಿಗೆ ಧನ್ಯವಾದ’, ‘ಸಹಾಯಕ್ಕೆ ಧನ್ಯವಾದ’ ಎನ್ನುವಾಗ ವ್ಯಕ್ತಿಗೂ ಕೆಲಸಕ್ಕೂ ಒಂದೇ ಚತುರ್ಥಿ ವಿಭಕ್ತಿ ಸಾಕು. ಇಂಗ್ಲಿಷಿನಲ್ಲಿ ವ್ಯಕ್ತಿಯಾದರೆ ‘ಗ್ರೇಟ್‌ಫುಲ್ ಟು’, ಕೆಲಸವಾದರೆ ‘ಗ್ರೇಟ್‌ಫುಲ್ ಫಾರ್’. ‘ಥ್ಯಾಂಕ್ಸ್ ಫಾರ್’ ಎಂದರೆ ಇಂಥದ್ದಕ್ಕಾಗಿ ಕೃತಜ್ಞತೆ; ವಾಕ್ಯದ ಮೊದಲಿಗೆ ಬರುವ ‘ಥ್ಯಾಂಕ್ಸ್ ಟು’ ಎಷ್ಟೋ ಸಲ ‘ಇಂಥದರ ದೆಸೆಯಿಂದ’ ಎಂಬ ಅರ್ಥ ಕೊಡುತ್ತದೆ.

ಕಲಿ ಎಂಬ ಧಾತುವಿಗೆ ‘ಇಸು’ ಸೇರಿದರೆ ಕಲಿಸು. ಇಂಗ್ಲಿಷಿಗೆ ಬೇಕಾದ್ದು ‘ಲರ್ನ್’, ‘ಟೀಚ್’ ಎಂಬ ಎರಡು ಬೇರೆ ಪದಗಳು. ಕಡ ಕೊಡುವುದು, ಕಡ ತರುವುದು ಎರಡರಲ್ಲೂ ಕಡ ಒಂದೇ. ಇಂಗ್ಲಿಷಿನಲ್ಲಿ ಕೊಟ್ಟರೆ ‘ಲೆಂಡ್’, ತಂದರೆ ‘ಬಾರೊ’. ಉಪಕಾರದ ವಾಕ್ಯದಲ್ಲಿಟ್ಟರೆ ಈ ಜೋಡಿಗಳು ತಾವಾಗಿ ಬೇರ್ಪಡುತ್ತವೆ: ಥ್ಯಾಂಕ್ಸ್ ಹೇಳುವವರು ‘ಬಾರೊ’ ಮಾಡಿದವರು, ‘ಲರ್ನ್’ ಮಾಡಿದವರು, ಹೇಳಿಸಿಕೊಳ್ಳುವವರು ‘ಲೆಂಡ್’ ಮಾಡಿದವರು, ‘ಟೀಚ್’ ಮಾಡಿದವರು.

ಇನ್ನೊಂದು ಬಗೆಯ ಗೊಂದಲ ಲಿಪಿಯದು. ಇಂಗ್ಲಿಷ್ ಸಾಲಿನ ಮೇಲೆ ಕನ್ನಡದಲ್ಲಿ ಉಚ್ಚಾರಣೆ ಬರೆದುಕೊಂಡಾಗ ಕಾಗುಣಿತದ ವ್ಯತ್ಯಾಸ ಮರೆಯಾಗುತ್ತದೆ. ‘ಪ್ರಿನ್ಸಿಪಲ್’ ಎಂಬುದು ‘ಪಿ, ಎ, ಎಲ್’ನಿಂದ ಮುಗಿದರೆ ಕಾಲೇಜಿನ ಮುಖ್ಯಸ್ಥರು, ‘ಪಿ, ಎಲ್, ಇ’ಯಿಂದ ಮುಗಿದರೆ ತತ್ವ. ಮದುವೆ ಕರೆಯೋಲೆಯ ‘ವಿತ್ ಬೆಸ್ಟ್ ಕಾಂಪ್ಲಿಮೆಂಟ್ಸ್’ನಲ್ಲಿ ‘ಎಲ್’ ಆದ ಮೇಲೆ ‘ಐ’ ಇರಬೇಕು, ಅದು ಶುಭಾಶಯ. ಅಲ್ಲಿ ‘ಇ’ ಬಂದರೆ ಅರ್ಥ ‘ಪೂರಕ’ ಎಂದಾಗುತ್ತದೆ. ‘ಗ್ರೇಟ್‌ಫುಲ್’ ಪದವನ್ನು ದೊಡ್ಡದು ಎಂಬರ್ಥದ ‘ಗ್ರೇಟ್’ ಎಂದೇ ಬರೆಯುವವರು ಬಹಳ. ಅದು ಲ್ಯಾಟಿನ್ನಿನ ‘ಗ್ರಾಟಸ್’ನಿಂದ ಬಂದದ್ದು. ‘ಗ್ರಾಟಿಟ್ಯೂಡ್’, ‘ಕಂಗ್ರಾಚುಲೇಷನ್ಸ್’, ನಿವೃತ್ತ ನೌಕರರ ‘ಗ್ರಾಚ್ಯುಟಿ’ ಎಲ್ಲವೂ ಅದೇ ಬೇರಿನವು. ಬೇರು ತಿಳಿದವರಿಗೆ ಕಾಗುಣಿತ ತಪ್ಪದು.

ಕನ್ನಡದಲ್ಲೂ ಇಂಥದೇ ಜೋಡಿಯುಂಟು. ಮಾಡಿದ ಉಪಕಾರವನ್ನು ತಿಳಿದವನು ಕೃತಜ್ಞ, ಅದನ್ನು ಕೊಂದವನು ಕೃತಘ್ನ. ‘ಜ್ಞ’, ‘ಘ್ನ’ ಎಂಬ ಒತ್ತಕ್ಷರಗಳಷ್ಟೇ ಬೇರೆ, ಅರ್ಥ ತಲೆಕೆಳಗು. ದಾನಶಾಸನಗಳ ಕೊನೆಯ ಸಾಲುಗಳು ನಿಂತಿರುವುದೂ ಈ ಭೇದದ ಮೇಲೆಯೇ: ದಾನವನ್ನು ಕಾಯ್ದವರಿಗೆ ಪುಣ್ಯ, ಕೆಡಿಸಿದವರಿಗೆ ಪಾಪ.

1986ರಲ್ಲಿ ಹಂಪಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ನಂತರ ಗೈಡುಗಳು, ಆಟೊದವರು, ಅಂಗಡಿಯವರು ಇಂಗ್ಲಿಷನ್ನು ಪರದೇಶಿ ಪ್ರವಾಸಿಗರ ಬಾಯಿಂದಲೇ ಕಲಿಯುವ ಇನ್ನೊಂದು ದಾರಿ ತೆರೆಯಿತು. ಥ್ಯಾಂಕ್ಸ್‌ಗೆ ಉತ್ತರವಾದ ‘ಯು ಆರ್ ವೆಲ್‌ಕಮ್’ನ ‘ವೆಲ್‌ಕಮ್’, ಊರ ಕಮಾನಿನ ಮೇಲಿನ ಸ್ವಾಗತವಲ್ಲ ಎಂಬುದು ಅಲ್ಲಿ ಬಳಕೆಯಿಂದಲೇ ತಿಳಿಯುತ್ತದೆ. ಕನ್ನಡದಲ್ಲಿ ಆ ಜಾಗ ತುಂಬುವ ಮಾತು ‘ಇರ್ಲಿ ಬಿಡ್ರಿ, ಅದ್ರಾಗೇನೈತಿ.’