ಗೋವೆಯ ಅರ್ಧಗೋಪುರ

ಹಳೆಯ ಗೋವೆಯ ದೊಡ್ಡ ಇಗರ್ಜಿಗಳ ಬಯಲನ್ನು ಬಿಟ್ಟು ಪಡುವಣ ಗುಡ್ಡವನ್ನೇರಿದರೆ, ಒಂಟಿಯಾಗಿ ನಿಂತ ಒಂದು ಗೋಪುರವು ನಮ್ಮ ಕಣ್ಣಿಗೆ ಬೀಳುತ್ತದೆ. ಅದರ ಎತ್ತರ ಸುಮಾರು 46 ಮೀಟರು. ದೂರದಿಂದ ಪೂರ್ಣವೆಂದು ತೋರಿದ ಈ ಗೋಪುರವು, ಹತ್ತಿರ ಹೋದಾಗ ಮೇಲಿಂದ ಕೆಳಗಿನವರೆಗೆ ಸೀಳಿದಂತೆ ಅರ್ಧವೇ ಉಳಿದಿರುವುದೆಂದು ತಿಳಿಯುತ್ತದೆ. ಇದು ಸಂತ ಅಗಸ್ಟೀನನ ಇಗರ್ಜಿಯ ಅವಶೇಷ. ಈ ಸಂಜೆ ಶ್ರೋತೃಗಳನ್ನು ನಾವು ಅಲ್ಲಿಗೆ ಕರೆದೊಯ್ಯಬೇಕೆಂದಿರುವೆವು.

ಅಗಸ್ಟೀನ ಪಂಥದ ಸನ್ಯಾಸಿಗಳು ಗೋವೆಗೆ ಬಂದದ್ದು 1572ರಲ್ಲಿ. ಇಗರ್ಜಿಯ ಕಟ್ಟಡವು 1597ರಲ್ಲಿ ಆರಂಭವಾಗಿ 1602ರಲ್ಲಿ ಮುಗಿಯಿತು. ಇದಕ್ಕೆ ಬಳಸಿದ ಕಲ್ಲು ನಮ್ಮ ಕರಾವಳಿಯವರಿಗೆ ಚಿರಪರಿಚಿತವಾದ ಜಂಬಿಟ್ಟಿಗೆಯೇ. ಗಾರೆಯ ಹೊದಿಕೆ ಇರುವವರೆಗೆ ಈ ಕಲ್ಲು ಬಾಳುತ್ತದೆ. ಸೂರು ಹೋಗಿ ಮಳೆಯ ನೀರು ಗೋಡೆಯೊಳಗೆ ಇಳಿಯತೊಡಗಿತೆಂದರೆ ಅದರ ಬಲ ಕುಂದುತ್ತದೆ.

ಇಲ್ಲಿಯೂ ಹಾಗೆಯೇ ಆಯಿತು. 1835ರಲ್ಲಿ ಪೋರ್ಚುಗೀಸ್ ಸರಕಾರವು ಸನ್ಯಾಸಿ ಪಂಥಗಳನ್ನು ರದ್ದುಗೊಳಿಸಿತು. ಮಠವು ಬರಿದಾಯಿತು. ಏಳೇ ವರ್ಷಗಳಲ್ಲಿ, ಎಂದರೆ 1842ರಲ್ಲಿ, ಇಗರ್ಜಿಯ ಕಮಾನು ಮಾಳಿಗೆ ಕುಸಿಯಿತು. 1931ರಲ್ಲಿ ಮುಂಭಾಗವೂ ಗೋಪುರದ ಅರ್ಧವೂ ನೆಲಕ್ಕುರುಳಿದವು. ಇಲ್ಲಿಯ ದೊಡ್ಡ ಘಂಟೆಯು ಕೆಲಕಾಲ ಅಗ್ವಾದ ಕೋಟೆಯ ದೀಪಸ್ತಂಭದಲ್ಲಿದ್ದು, 1871ರಲ್ಲಿ ಪಣಜಿಯ ಇಗರ್ಜಿಯನ್ನು ಸೇರಿತು. ಇಂದು ಒಳಗೆ ನಡೆದರೆ ತಲೆಯ ಮೇಲೆ ಬರಿಯ ಆಕಾಶ. ಕಾಲ ಕೆಳಗೆ ಲಿಪಿ ಕೆತ್ತಿದ ಸಮಾಧಿಶಿಲೆಗಳ ಸಾಲು.

ಇಷ್ಟೇ ಆಗಿದ್ದರೆ ಇದು ಹಾಳುಬಿದ್ದ ಕಟ್ಟಡಗಳ ಸಾಮಾನ್ಯ ಕಥೆಯಾಗುತ್ತಿತ್ತು. ಆದರೆ ಈ ಕಲ್ಲುರಾಶಿಯಲ್ಲಿ ಒಬ್ಬ ರಾಣಿಯ ವೃತ್ತಾಂತವು ಅಡಗಿದ್ದಿತು. ಜಾರ್ಜಿಯ ದೇಶದ ಕಾಖೆತಿ ರಾಜ್ಯದ ರಾಣಿ ಕೆತೆವಾನಳನ್ನು ಪರ್ಷಿಯದ ಶಹಾ ಅಬ್ಬಾಸನು ಅನೇಕ ವರ್ಷ ಸೆರೆಯಲ್ಲಿಟ್ಟಿದ್ದನು. ತನ್ನ ಮತವನ್ನು ಬಿಡಲೊಲ್ಲದ ಆಕೆಯನ್ನು 1624ರಲ್ಲಿ ಶಿರಾಜ್ ನಗರದಲ್ಲಿ ಚಿತ್ರಹಿಂಸೆ ಕೊಟ್ಟು ಕೊಲ್ಲಲಾಯಿತು. ಅಲ್ಲಿದ್ದ ಅಗಸ್ಟೀನ ಸನ್ಯಾಸಿಗಳು ಆಕೆಯ ಅಸ್ಥಿಗಳನ್ನು ಗುಟ್ಟಾಗಿ ತೆಗೆದಿರಿಸಿಕೊಂಡರು. ಅವುಗಳಲ್ಲಿ ಒಂದು ಭಾಗವು 1627ರಲ್ಲಿ ಗೋವೆಗೆ ಬಂದಿತು. ಮಠದ ಸಭಾಮಂದಿರದ ಒಂದು ಕಿಟಕಿಯ ಬಳಿ, ಕಲ್ಲಿನ ಪೆಟ್ಟಿಗೆಯೊಂದರಲ್ಲಿ ಅವನ್ನಿಟ್ಟರೆಂದು ಪೋರ್ಚುಗೀಸ್ ಕಾಗದಗಳು ಹೇಳುತ್ತಿದ್ದವು.

ಕಾಗದವೇನೋ ಉಳಿದಿತ್ತು, ಕಿಟಕಿಯು ಉಳಿದಿರಲಿಲ್ಲ. ಸೂರು ಗೋಡೆಗಳೆಲ್ಲ ಬಿದ್ದ ಮೇಲೆ ಸಭಾಮಂದಿರವಾವುದು, ಕಿಟಕಿಯಾವುದು? ಭಾರತದ ಪುರಾತತ್ತ್ವ ಇಲಾಖೆಯವರು ಕಲ್ಲುಮಣ್ಣನ್ನು ತೆಗೆದು, ತಳಪಾಯದ ಗೆರೆಗಳನ್ನು ಹಿಡಿದು, ಮಠದ ವಿನ್ಯಾಸವನ್ನು ಮತ್ತೆ ಗುರುತಿಸಬೇಕಾಯಿತು. ಈ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿ ಅಸ್ಥಿಗಳು ದೊರೆತವು. ಹೈದರಾಬಾದಿನ ಜೀವಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದ ವಿದ್ವಾಂಸರು ಅವುಗಳ ಡಿ.ಎನ್.ಎ.ಯನ್ನು ಪರೀಕ್ಷಿಸಿದರು. ಒಂದು ಅಸ್ಥಿಯಲ್ಲಿ ಕಂಡ ತಾಯಿಕಡೆಯ ವಂಶಚಿಹ್ನೆಯು, ಅವರು ಹೋಲಿಸಿ ನೋಡಿದ ಸಾವಿರಾರು ಭಾರತೀಯರಲ್ಲಿ ಒಬ್ಬರಲ್ಲಿಯೂ ಇರಲಿಲ್ಲ, ಜಾರ್ಜಿಯದವರಲ್ಲಿ ಇದ್ದಿತು. ಕಾಗದದ ಮಾತನ್ನು ಅಸ್ಥಿಯು ಹೀಗೆ ಪುಷ್ಟೀಕರಿಸಿತು. 2021ರಲ್ಲಿ ಭಾರತ ಸರಕಾರವು ಅದರ ಒಂದು ಭಾಗವನ್ನು ಜಾರ್ಜಿಯಕ್ಕೆ ಒಪ್ಪಿಸಿತು. ಸುಮಾರು ನಾಲ್ಕುನೂರು ವರ್ಷಗಳ ತರುವಾಯ ರಾಣಿಯು ತನ್ನ ನಾಡಿಗೆ ಮರಳಿದಳು.

ಈ ವೃತ್ತಾಂತದಿಂದ ನಾವು ತಿಳಿಯಬೇಕಾದುದೇನು? ಪೂಜೆ ನಿಂತು ಸೂರು ಬಿದ್ದ ಮಾತ್ರಕ್ಕೆ ಕಟ್ಟಡದ ಬಾಳು ಮುಗಿಯಿತೆಂದು ಹೇಳಲಾಗದು. ಬರವಣಿಗೆಯು ಸ್ಥಳವನ್ನು ಸೂಚಿಸಬಲ್ಲುದು; ಆ ಸ್ಥಳವನ್ನು ತೋರಿಸಿಕೊಡಬೇಕಾದದ್ದು ತಳಪಾಯದ ಕಲ್ಲೇ. ಇವೆರಡರಲ್ಲಿ ಒಂದು ನಾಶವಾದರೂ ಇನ್ನೊಂದು ಮೂಕವಾಗುತ್ತದೆ. ಗುಡ್ಡದ ಮೇಲಿನ ಆ ತಳಪಾಯವನ್ನು ಯಾರಾದರೂ ಕಿತ್ತು ನೆಲವನ್ನು ಸಮಮಾಡಿದ್ದರೆ, ಕಾಗದದಲ್ಲಿ ಬರೆದ ಕಿಟಕಿಯನ್ನು ಯಾವ ವಿದ್ವಾಂಸನೂ ಹುಡುಕಲಾರದೆ ಹೋಗುತ್ತಿದ್ದನು.

ನಮ್ಮ ಊರುಗಳ ಅಂಚಿನಲ್ಲಿಯೂ ಪಾಳುಬಿದ್ದ ಗುಡಿ, ಬಸದಿ, ಮಸೀದಿ, ಇಗರ್ಜಿಗಳು ಉಂಟು. ಅಲ್ಲಿಯ ಕಲ್ಲನ್ನು ಬಾವಿಯ ಕಟ್ಟೆಗೋ ಹಿತ್ತಿಲ ಗೋಡೆಗೋ ಹೊತ್ತು ತರುವುದು ಸುಲಭ. ಅದು ಯಾವ ಕಿಟಕಿಯ ಬಳಿ ಇದ್ದಿತೆಂದು ಆಮೇಲೆ ಹೇಳಬಲ್ಲವರು ಯಾರೂ ಇರರು. ಆದಕಾರಣ, ಅದನ್ನು ಎತ್ತುವ ಮುನ್ನ ಗೋವೆಯ ಅರ್ಧಗೋಪುರವನ್ನು ನಾವೆಲ್ಲರೂ ಒಮ್ಮೆ ನೆನೆಯುವುದು ಒಳ್ಳೆಯದು.