ಸೀಮೆಎಣ್ಣೆಯ ನೊರೆ, ಅಂಟುವಾಳದ ನೊರೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಗೆಳೆಯರೇ, ಬಟ್ಟೆ ಒಗೆಯುವ ಪುಡಿಯ ಮೂಲ ಯಾವುದೆಂದು ಯೋಚಿಸಿದ್ದೀರಾ? ಅದರ ಮುಖ್ಯ ಸರಕು ಬರುವುದು ಸೀಮೆಎಣ್ಣೆ ಮತ್ತು ಬೆಂಜೀನಿನಿಂದ!

ನಮ್ಮಜ್ಜಿಯ ಕಾಲಕ್ಕೆ ತಲೆಗೆ ಸೀಗೆಕಾಯಿ, ರೇಷ್ಮೆ ಸೀರೆಗೆ ಅಂಟುವಾಳ, ಪಾತ್ರೆಗೆ ಬೂದಿ, ಹುಣಸೆಹಣ್ಣು. 1918ರ ಹೊತ್ತಿಗೆ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಗಂಧದೆಣ್ಣೆಯ ಸೋಪು ಮಾಡಿಸಿತು, ಸೋಸಲೆ ಗರಳಪುರಿ ಶಾಸ್ತ್ರಿಗಳ ಜಾಣ್ಮೆಯಿಂದ. ನಾವಾಗ ಮದ್ರಾಸ್ ಪ್ರಾಂತ್ಯದವರು. ಮೈಸೂರು ಸೇರಿದ್ದು 1953ರಲ್ಲಿ. ಆಮೇಲೆ 1959ರಲ್ಲಿ ಸರ್ಫ್, 1969ರಲ್ಲಿ ನಿರ್ಮಾ ಬಂದವು. ಸೀಗೆ, ಅಂಟುವಾಳ ಮೂಲೆ ಸೇರಿದವು.

ಇದು ಬರೀ ಜಾಹೀರಾತಿನ ಮಹಿಮೆ ಅಲ್ಲ ಅನ್ನೋದು ನನ್ನ ಅನಿಸಿಕೆ. ಗಡಸು ನೀರಿನಲ್ಲಿ ಸೋಪು ನೊರೆ ಬಿಡದೆ ಒಡೆದ ಹಾಲಿನಂತಾಗುತ್ತದೆ. ಪುಡಿ ಹಾಗಲ್ಲ. ಬೋರ್‌ವೆಲ್ ನೀರಿನ ಊರುಗಳಿಗೆ ಅದು ಒಗ್ಗಿಬಿಟ್ಟಿತು. ಆದರೆ ಅಂಟುವಾಳದ ಸಪೋನಿನ್ ಕೂಡ ಗಡಸು ನೀರಿಗೆ ಸೋಪಿನ ಹಾಗೆ ಒಡೆಯುವುದಿಲ್ಲ! ಕೊಳೆ ತೆಗೆಯುವ ಜೋರು ಪುಡಿಗಿಂತ ಕಡಿಮೆ, ಒಪ್ಪುತ್ತೇನೆ.

ಈಗ ದೊಡ್ಡ ಕಂಪನಿಗಳೇ ತೆಂಗಿನೆಣ್ಣೆ, ಸಕ್ಕರೆಯಂಥ ಗಿಡಮೂಲದ ಸರಕಿನಿಂದ ನೊರೆ ಬರಿಸುತ್ತಿವೆ. ನಮ್ಮಲ್ಲಿ ಅಂಟುವಾಳವೇನೋ ಇನ್ನೂ ಅಂಗಡಿಯಲ್ಲಿ ಸಿಗುತ್ತದೆ, ಎಷ್ಟು ಹೊತ್ತು ನೆನೆಸಬೇಕು, ಹೇಗೆ ಕಿವುಚಬೇಕು ಅಂತ ಬಲ್ಲವರೇ ಕಡಿಮೆಯಾಗುತ್ತಿದ್ದಾರೆ. ಮನೆಯಲ್ಲಿ ಹಿರಿಯರಿದ್ದರೆ ಕೇಳಿ, ನಿಮ್ಮ ಬ್ಲಾಗಿನಲ್ಲಿ ಬರೆದಿಡಿ.