ಗೇಟಿನ ಮುಂದಿನ ಹಾರ್ನ್

ಮೊನ್ನೆ ಬೆಳಗಿನ ಜಾವ ಮೂರೂವರೆಗೆ ಮಗಳನ್ನು ಏರ್‌ಪೋರ್ಟಿಗೆ ಕಳಿಸಬೇಕಿತ್ತು. ಟ್ಯಾಕ್ಸಿ ಬಂತು, ಅವಳ ಮೊಬೈಲಿನಲ್ಲಿ ಒಂದು ಸಣ್ಣ "ಟಿಂಗ್" ಆಯಿತು, ಬ್ಯಾಗು ಡಿಕ್ಕಿಗೆ ಹೋಯಿತು, ಗಾಡಿ ಹೊರಟಿತು. ಬೀದಿಯಲ್ಲಿ ಒಂದು ನಾಯಿಯೂ ಬೊಗಳಲಿಲ್ಲ. ಬೆಳಿಗ್ಗೆ ಪಕ್ಕದ ಮನೆಯವರು "ಮಗಳು ಯಾವಾಗ ಹೊರಡ್ತಾಳೆ?" ಅಂತ ಕೇಳಿದಾಗ ನನಗೇ ಆಶ್ಚರ್ಯ. ಅವಳು ಹೋಗಿದ್ದೇ ಅವರಿಗೆ ಗೊತ್ತಾಗಿಲ್ಲ!

ಇಪ್ಪತ್ತು ವರ್ಷದ ಹಿಂದೆ ಇದೇ ಬೆಂಗಳೂರಿನಲ್ಲಿ ನಾನು ಕೆಲಸಕ್ಕೆ ಹೊರಟರೆ ಇಡೀ ಬೀದಿಗೆ ಗೊತ್ತಾಗುತ್ತಿತ್ತು. ಯಾಕೆ ಅಂತ ಹೇಳುತ್ತೇನೆ ಕೇಳಿ.

ಅದು 2003. ನಾನಾಗ ಕಾಲ್ ಸೆಂಟರಿನಲ್ಲಿದ್ದೆ. ನಮ್ಮ ಗಿರಾಕಿಗಳು ಆಸ್ಟ್ರೇಲಿಯಾದವರು. ಸಿಡ್ನಿಯಲ್ಲಿ ಬೆಳಿಗ್ಗೆ ಒಂಬತ್ತಾದಾಗ ನಮ್ಮಲ್ಲಿ ಬೆಳಗಿನ ಜಾವ ನಾಲ್ಕೂವರೆ, ಅವರ ಬೇಸಿಗೆಯಲ್ಲಾದರೆ ಇನ್ನೂ ಒಂದು ಗಂಟೆ ಮುಂಚೆ. ಹಾಗಾಗಿ ರಾಜಾಜಿನಗರದ ನಮ್ಮ ಮನೆ ಮುಂದೆ ಕ್ಯಾಬ್ ಬರುತ್ತಿದ್ದದ್ದು ಎರಡೂವರೆ, ಮೂರು ಗಂಟೆಗೆ. ಕ್ವಾಲಿಸ್ ಗಾಡಿ. ಬೀದಿ ತಿರುವಿನಲ್ಲಿ ಒಂದು ಹಾರ್ನ್, ಗೇಟಿನ ಮುಂದೆ ಎರಡು. ನಾನು ಎರಡನೇ ಮಹಡಿಯಿಂದ ಇಳಿಯುವುದು ತಡವಾದರೆ ಉದ್ದಕ್ಕೆ ಇನ್ನೊಂದು. ಎಂಜಿನ್ ಆಫ್ ಮಾಡುವ ಮಾತೇ ಇಲ್ಲ. ಒಳಗೆ ಎಫ್.ಎಂ. ಬೇರೆ.

ಬೈದುಕೊಂಡೇ ಇಳಿಯುತ್ತಿದ್ದೆ. ಒಂದು ದಿನ ತಡೆಯಲಾರದೆ ಡ್ರೈವರಿಗೆ ಕೇಳಿಯೇ ಬಿಟ್ಟೆ, "ಇಳಿದು ಬಂದು ಬೆಲ್ ಮಾಡೋಕೆ ಏನಪ್ಪಾ ಕಷ್ಟ?" ಅಂತ. ಮಂಡ್ಯ ಕಡೆಯ ಹುಡುಗ. ಬೇಜಾರು ಮಾಡಿಕೊಳ್ಳದೆ ಉತ್ತರ ಕೊಟ್ಟ.

"ಸಾ, ನಿಮ್ದು ಎಲ್ಡನೇ ಪಿಕಪ್ಪು. ಇನ್ನೂ ನಾಕ್ ಜನ ಅವ್ರೆ. ಒಬ್ಬೊಬ್ರ ಮನೆಗೂ ಮೆಟ್ಲು ಹತ್ತಿ ಇಳುದ್ರೆ ಅರ್ಧ ಗಂಟೆ ಹೋಯ್ತದೆ. ಲೇಟಾದ್ರೆ ಟ್ರಿಪ್ ಶೀಟಲ್ಲಿ ಬರ್ಕೊಂಡು ದುಡ್ ಕಟ್ ಮಾಡ್ತರೆ. ಗಾಡಿ ಬುಟ್ಟು ಹೋದ್ರೆ ಗಾಡಿ ಯಾರ್ ನೋಡ್ಕತಾರೆ? ಇನ್ನ ಈ ನಾಯ್ಗಳು... ಇಳುದ್ರೆ ಅಟ್ಟುಸ್ಕೊಂಡ್ ಬತ್ತವೆ ಸಾ."

ನನ್ನ ಹತ್ತಿರ ಉತ್ತರವಿರಲಿಲ್ಲ. ಗಾಡಿ ಸಾಲದ್ದು, ಕಂತು ಅವನದು, ಹೊತ್ತು ಕಂಪನಿಯದು. ಅವನ ಕೈಯಲ್ಲಿ ಪುಕ್ಕಟೆಯಾಗಿ ಇದ್ದದ್ದು ಹಾರ್ನ್ ಒಂದೇ.

ಆಮೇಲೆ ಯೋಚಿಸಿದಾಗ ನೆನಪಾದದ್ದು ಹುಬ್ಬಳ್ಳಿಯ ನಮ್ಮ ಸೋದರಮಾವ. ಅವರು ರೈಲ್ವೆ ಗಾರ್ಡ್. ಚಿಕ್ಕಂದಿನಲ್ಲಿ ರಜೆಗೆ ಅವರ ಕ್ವಾರ್ಟರ್ಸಿಗೆ ಹೋದಾಗ ರಾತ್ರಿ ಎಷ್ಟೋ ಹೊತ್ತಿಗೆ ಸೈಕಲ್ ನಿಂತ ಸದ್ದು, ಚಿಲಕ ಎರಡೇ ಸಲ ಟಕ್ ಟಕ್, "ಸಾಹೇಬ್ರ, ಡ್ಯೂಟಿ ಬಂದೈತ್ರಿ" ಅನ್ನುವ ಮೆಲುದನಿ. ಮಾವ ಎದ್ದು ಲೈಟು ಹಾಕಿ ಅವನು ಹಿಡಿದ ಪುಸ್ತಕದಲ್ಲಿ ಸಹಿ ಹಾಕುತ್ತಿದ್ದರು. ಅವನಿಗೆ ಕಾಲ್ ಬಾಯ್ ಅನ್ನುತ್ತಿದ್ದರು, ಆ ಪುಸ್ತಕಕ್ಕೆ ಕಾಲ್ ಬುಕ್. ಗೂಡ್ಸ್ ಗಾಡಿಗೆ ಇಂಥದೇ ಹೊತ್ತು ಅಂತಿಲ್ಲವಲ್ಲ. ಡ್ರೈವರ್, ಗಾರ್ಡುಗಳನ್ನು ಮನೆಗೇ ಹೋಗಿ ಎಬ್ಬಿಸಲು ರೈಲ್ವೆ ಸಂಬಳ ಕೊಟ್ಟು ಆಳು ಇಟ್ಟಿತ್ತು. ಫೋನು, ಮೊಬೈಲು ಬಂದ ಮೇಲೆ ಆ ಕೆಲಸ ಕರಗುತ್ತಾ ಹೋಯಿತು.

ಈ ಪದ್ಧತಿ ರೈಲ್ವೆಗೆ ಮಾತ್ರ ಸೇರಿದ್ದಲ್ಲ. ಇಂಗ್ಲೆಂಡಿನ ಗಿರಣಿ ಊರುಗಳಲ್ಲಿ 19ನೇ ಶತಮಾನದಲ್ಲಿ "ನಾಕರ್-ಅಪ್" ಅನ್ನುವವರಿದ್ದರು. ಅಲಾರಂ ಗಡಿಯಾರ ಕೊಳ್ಳಲಾಗದ ಕೂಲಿಗಳನ್ನು ಎಬ್ಬಿಸುವುದೇ ಅವರ ಕಸುಬು. ವಾರಕ್ಕೆ ಕೆಲವು ಪೆನ್ನಿ ಕೂಲಿ. ಉದ್ದನೆಯ ಕೋಲಿನ ತುದಿಯಿಂದ ಮಹಡಿಯ ಕಿಟಕಿ ಗಾಜನ್ನು ಮೆಲ್ಲಗೆ ತಟ್ಟುತ್ತಿದ್ದರು. ಯಾಕೆ ಮೆಲ್ಲಗೆ? ಬಾಗಿಲು ಬಡಿದರೆ ಅಕ್ಕಪಕ್ಕದವರು ಜಗಳಕ್ಕೆ ಬರುತ್ತಿದ್ದರು. ಇನ್ನೊಂದು ಕಾರಣವೂ ಇತ್ತು, ಜೋರಾಗಿ ಬಡಿದರೆ ದುಡ್ಡು ಕೊಡದವರೂ ಪುಕ್ಕಟೆ ಎದ್ದುಬಿಡುತ್ತಿದ್ದರು!

ಗಮನಿಸಿ, ಎರಡೂ ಕಡೆ ಕರೆಯುವುದೇ ಒಂದು ಕೆಲಸ, ಅದಕ್ಕೆ ಕೂಲಿ ಇತ್ತು. ನಮ್ಮ ಕ್ಯಾಬಿನ ವ್ಯವಸ್ಥೆಯಲ್ಲಿ ಗಾಡಿಗೆ ದುಡ್ಡಿತ್ತು, ಡೀಸೆಲ್ಲಿಗೆ ದುಡ್ಡಿತ್ತು, ಕರೆಯುವುದಕ್ಕೆ ಮಾತ್ರ ಇರಲಿಲ್ಲ. ಆ ಖರ್ಚನ್ನು ಬೀದಿಯವರು ತಮ್ಮ ನಿದ್ದೆಯಿಂದ ಕಟ್ಟುತ್ತಿದ್ದರು.

ಕಾನೂನು ಇರಲಿಲ್ಲವಾ ಅಂದರೆ, ಇತ್ತು. 2000ದಲ್ಲೇ ಕೇಂದ್ರ ಸರ್ಕಾರದ ಶಬ್ದ ಮಾಲಿನ್ಯ ನಿಯಮಗಳು ಬಂದವು. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ಕಾರಿನ ಹಾರ್ನ್ ಹತ್ತಿರದಲ್ಲಿ ಸುಲಭವಾಗಿ 90 ದಾಟುತ್ತದೆ. ಡೆಸಿಬಲ್ ಲೆಕ್ಕದಲ್ಲಿ ಹತ್ತು ಹೆಚ್ಚಾದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ, ಉಳಿದದ್ದು ನೀವೇ ಗುಣಿಸಿಕೊಳ್ಳಿ. 2005ರ ಜುಲೈ 18ರಂದು ಸುಪ್ರೀಂ ಕೋರ್ಟು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಸತಿ ಪ್ರದೇಶದಲ್ಲಿ, ತೀರಾ ಅನಿವಾರ್ಯ ಸಂದರ್ಭ ಬಿಟ್ಟು, ಹಾರ್ನ್ ಮಾಡಕೂಡದು ಎಂದಿತು. 2010ರಲ್ಲಿ ಅದು ನಿಯಮದೊಳಗೇ ಸೇರಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾಗಿ ಅನಾವಶ್ಯಕ ಹಾರ್ನಿಗೆ ಮೊದಲ ಸಲ 1,000 ರೂಪಾಯಿ, ಮತ್ತೆ ಮಾಡಿದರೆ 2,000 ರೂಪಾಯಿ ದಂಡ ಎಂದಾಯಿತು. ಆದರೆ ಬೆಳಗಿನ ಜಾವ ಮೂರಕ್ಕೆ ನಮ್ಮ ಬೀದಿಯಲ್ಲಿ ದಂಡ ಹಾಕಲು ಯಾರು ನಿಂತಿರುತ್ತಾರೆ ಹೇಳಿ?

ಇಂಗ್ಲೆಂಡಿನವರು ಈ ದಾರಿ ನಮಗಿಂತ ಬಹಳ ಮೊದಲೇ ಹಿಡಿದಿದ್ದರು. 1934ರಲ್ಲಿ ಸಾರಿಗೆ ಮಂತ್ರಿಯಾಗಿದ್ದ ಲೆಸ್ಲಿ ಹೋರ್-ಬೆಲಿಷಾ ರಾತ್ರಿ 11.30ರಿಂದ ಬೆಳಿಗ್ಗೆ 7ರವರೆಗೆ ಹಾರ್ನ್ ಬೇಡವೆಂದರು. ಲಂಡನ್ನಿನಲ್ಲಿ ಪ್ರಯೋಗ ಮಾಡಿ ನಂತರ ಬೇರೆ ಊರುಗಳಿಗೂ ತಂದರು. ನಿಂತ ಗಾಡಿಯಿಂದ ಹಾರ್ನ್ ಮಾಡುವುದು ಅಲ್ಲಿ ಹಗಲಲ್ಲೂ ತಪ್ಪು, ಅಪಾಯ ತಪ್ಪಿಸಲು ಮಾತ್ರ ವಿನಾಯಿತಿ. ಅಲ್ಲಿನ ಅನೇಕ ಸ್ಥಳೀಯ ಆಡಳಿತಗಳು ಟ್ಯಾಕ್ಸಿ ಲೈಸೆನ್ಸಿನ ಜೊತೆಗೆ ನಡತೆಯ ನಿಯಮಗಳನ್ನೂ ಕೊಡುತ್ತವೆ. ಮನೆಯಿಂದ ಪ್ರಯಾಣಿಕರನ್ನು ಹತ್ತಿಸಿಕೊಳ್ಳುವಾಗ ಹಾರ್ನ್ ಮಾಡಬೇಡಿ, ರೇಡಿಯೋ ಸಣ್ಣಗೆ ಇಡಿ, ಕಾಯಬೇಕಾದರೆ ಎಂಜಿನ್ ಆರಿಸಿ ಅಂತ. ನಮ್ಮ ಕ್ವಾಲಿಸ್ಸನ್ನು ನೋಡಿಯೇ ಬರೆದಂತಿದೆ ಅಲ್ಲವೇ? ಅಂದರೆ ಅಲ್ಲಿಯೂ ಇದೇ ಗೋಳು ಇತ್ತು ಅಂತಾಯಿತು.

ಇರಲಿ, 2003ಕ್ಕೆ ವಾಪಸ್ ಬರೋಣ. ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ಇದ್ದರು. ಅವರ ಹೆಂಡತಿಗೆ ಕಾಯಿಲೆ, ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದರು. ಒಂದು ಸಂಜೆ ಮೇಷ್ಟ್ರು ನಮ್ಮ ಮನೆಗೆ ಬಂದರು. ಜಗಳಕ್ಕೇ ಬಂದರು ಅಂದುಕೊಂಡೆ. ಕೂತು, ಕಾಫಿ ಕುಡಿದು, ಮೆಲ್ಲಗೆ ಹೇಳಿದರು, "ನೋಡಪ್ಪಾ, ಅವಳಿಗೆ ನೋವು ಕಮ್ಮಿಯಾಗಿ ಕಣ್ಣು ಹತ್ತೋದೇ ಎರಡು ಗಂಟೆ ಮೇಲೆ. ನಾನಂತೂ ಎದ್ದೇ ಇರ್ತೀನಿ. ನಿನ್ನ ಗಾಡಿ ಬಂದ್ರೆ ನಾನೇ ಬಂದು ನಿನ್ನ ಬಾಗಿಲು ತಟ್ಟಲಾ? ಹಾರ್ನ್ ಮಾಡಬೇಡ ಅಂತ ಅವನಿಗೆ ಹೇಳು."

ಎಪ್ಪತ್ತು ದಾಟಿದ ಮೇಷ್ಟ್ರು ನನಗೆ ಕಾಲ್ ಬಾಯ್ ಆಗಲು ತಯಾರಾಗಿದ್ದರು! ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅಷ್ಟು ದಿನ ಡ್ರೈವರನ್ನು ಬೈದುಕೊಂಡಿದ್ದೆನೇ ಹೊರತು, ಹತ್ತು ನಿಮಿಷ ಮೊದಲೇ ಎದ್ದು ಗೇಟಿನ ಹತ್ತಿರ ನಿಲ್ಲಬಹುದು ಅಂತ ನನಗೆ ಹೊಳೆದೇ ಇರಲಿಲ್ಲ. ಹಾರ್ನ್ ಮಾಡುತ್ತಿದ್ದವನು ಅವನು, ಮಾಡಿಸುತ್ತಿದ್ದವನು ನಾನು.

ಮರುದಿನದಿಂದ ಗೇಟಿನ ಹತ್ತಿರ ನಿಂತೆ. ಅದೇ ವರ್ಷ ಮೇ ತಿಂಗಳಲ್ಲಿ ಮೊಬೈಲಿಗೆ ಬರುವ ಕರೆಗೆ ದುಡ್ಡು ಕೊಡುವುದು ತಪ್ಪಿತ್ತು. 1995ರಲ್ಲಿ ಮೊಬೈಲ್ ಬಂದಾಗಿನಿಂದ ಇನ್‌ಕಮಿಂಗಿಗೂ ಚಾರ್ಜ್ ಇದ್ದ ನಮ್ಮ ದೇಶದಲ್ಲಿ, ಆಮೇಲೇ ಅದು ಡ್ರೈವರುಗಳ ಜೇಬಿಗೆ ಬಂದದ್ದು. ನಮ್ಮ ಮಂಡ್ಯದ ಹುಡುಗನೂ ಒಂದು ಸೆಕೆಂಡ್ ಹ್ಯಾಂಡ್ ನೋಕಿಯಾ ಕೊಂಡ. ಬೀದಿ ತಿರುವಿನಲ್ಲಿ ಒಂದು ಮಿಸ್ಡ್ ಕಾಲ್, ಅಷ್ಟೇ. ಹಾರ್ನಿನಷ್ಟೇ ಪುಕ್ಕಟೆ, ಕೇಳಬೇಕಾದವನಿಗೆ ಮಾತ್ರ ಕೇಳುತ್ತದೆ. ಕಾನೂನು ಮಾಡಲಾಗದ್ದನ್ನು ಮಿಸ್ಡ್ ಕಾಲ್ ಮಾಡಿತು.

ಆದರೆ ಸದ್ದಿಲ್ಲದಿದ್ದರೆ ಎಲ್ಲಾ ಸರಿಹೋಯಿತು ಅಂತಲ್ಲ. 2005ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾಲ್ ಸೆಂಟರಿನ ಹೆಣ್ಣುಮಗಳೊಬ್ಬಳನ್ನು, ಆವತ್ತಿನ ಪಿಕಪ್ ತನ್ನದೇ ಅಂತ ನಂಬಿಸಿ ಕರೆದೊಯ್ದ ಡ್ರೈವರೊಬ್ಬ ಕೊಂದ. 2010ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ಹೆಂಗಸರ ರಾತ್ರಿ ಪಾಳಿಗೆ ನಿರ್ಬಂಧವಿತ್ತು. ಐ.ಟಿ. ಕಂಪನಿಗಳಿಗೆ ಆಮೇಲೆ ಅದರಿಂದ ವಿನಾಯಿತಿ ಕೊಟ್ಟಾಗ ಹಾಕಿದ ಷರತ್ತೇ ಸಾರಿಗೆ ಮತ್ತು ರಕ್ಷಣೆ ಒದಗಿಸಬೇಕು ಅಂತ. ರಕ್ಷಣೆಗೆಂದೇ ಕೊಟ್ಟ ಗಾಡಿಯ ಹೆಸರಿನಲ್ಲೇ ಹೀಗಾಗಿತ್ತು.

ಆಮೇಲೆ ನಮ್ಮ ಕಡೆ ಎಷ್ಟೋ ಬದಲಾಯಿತು. ಹೆಣ್ಣುಮಕ್ಕಳು ಮೊದಲ ಪಿಕಪ್ ಅಥವಾ ಕೊನೆಯ ಡ್ರಾಪ್ ಆದರೆ ಜೊತೆಗೆ ಗಾರ್ಡ್, ಇಳಿಸಿದ ಮೇಲೆ ಅವರು ಬಾಗಿಲು ಹಾಕಿಕೊಳ್ಳುವವರೆಗೆ ಕಾಯಬೇಕು. ಮಾವನ ಮನೆಯ ಕಾಲ್ ಬಾಯ್ ಮತ್ತೆ ನೆನಪಾದ. ಅವನ ಮುಖ ಮನೆಯವರೆಲ್ಲರಿಗೂ ಗೊತ್ತಿತ್ತು. ಹಾರ್ನಿಗೂ ಮುಖವಿಲ್ಲ, ಮಿಸ್ಡ್ ಕಾಲಿಗೂ ಇಲ್ಲ.

2008ರ ಮೇ ತಿಂಗಳಲ್ಲಿ ಏರ್‌ಪೋರ್ಟ್ ದೇವನಹಳ್ಳಿಗೆ ಹೋಯಿತು, ಬೆಳಗಿನ ವಿಮಾನಕ್ಕೆ ಊರಿನ ಎಷ್ಟೋ ಮನೆಗಳಿಗೆ ಮೂರು ಗಂಟೆಯ ಟ್ಯಾಕ್ಸಿ ಬರತೊಡಗಿತು. 2013ರಲ್ಲಿ ಊಬರ್ ಭಾರತದಲ್ಲಿ ಕಾಲಿಟ್ಟಿದ್ದೂ ಬೆಂಗಳೂರಿನಿಂದಲೇ. ಈಗ ಡ್ರೈವರ್ ಹೆಸರು, ಫೋಟೋ, ಗಾಡಿ ನಂಬರ್ ಮೊದಲೇ ಬರುತ್ತದೆ. ಮೊನ್ನೆ ಬೆಳಗಿನ ಜಾವದ ಆ "ಟಿಂಗ್" ಹಿಂದೆ ಇಷ್ಟೆಲ್ಲಾ ಇದೆ.

ಮೇಷ್ಟ್ರ ಹೆಂಡತಿ ಆ ವರ್ಷ ದೀಪಾವಳಿಗೆ ಮುಂಚೆಯೇ ಹೋದರು. ಕೊನೆಯ ಕೆಲವು ತಿಂಗಳಾದರೂ ನೆಮ್ಮದಿಯಾಗಿ ಮಲಗಿದರು ಅಂತ ಮೇಷ್ಟ್ರೇ ಒಮ್ಮೆ ಹೇಳಿದ್ದರು. ಅದಕ್ಕೂ ಮುಂಚಿನ ರಾತ್ರಿಗಳ ಲೆಕ್ಕ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅಂದ ಹಾಗೆ, ಇದನ್ನು ಬರೆಯುತ್ತಿರುವಾಗಲೇ ಕೆಳಗೆ ಸ್ಕೂಲ್ ವ್ಯಾನ್ ಬಂದು ಮೂರು ಸಲ ಹಾರ್ನ್ ಮಾಡಿತು. ಮಗು ಇನ್ನೂ ಶೂ ಹಾಕಿಕೊಳ್ಳುತ್ತಿರಬೇಕು. ಡ್ರೈವರನ್ನು ಬೈಯುವ ಮೊದಲು, ಆ ಮಗುವಿನ ಅಪ್ಪ ಅಮ್ಮ ಐದು ನಿಮಿಷ ಮುಂಚೆ ಗೇಟಿಗೆ ಬರಬಹುದಲ್ಲವೇ? ನಿಮ್ಮ ಬೀದಿಯಲ್ಲಿ ಹೇಗೆ?